ಅಜ್ಜನ ಮಳೆ ಪುಸ್ತಕದೊಂದಿಗೆ ಜಪಾನಿಗೆ

ನಮ್ಮ ಮನೆಯ ಜಗಲಿಯ ಕಂಬಕ್ಕೆ ಉದ್ದನೆಯ ನೋಟ್ ಪುಸ್ತಕವೊಂದನ್ನು ದಾರ ಕಟ್ಟಿ ತೂಗುಹಾಕಲಾಗಿದೆ. ಅಂಗಳದ ಮಳೆಮಾಪಕದಲ್ಲಿ ಪ್ರತಿದಿನ ಬೆಳಿಗ್ಗೆ ಕಾಣುವ ಅಳತೆಯನ್ನು ಅಜ್ಜ ಅದರಲ್ಲಿ ಬರೆದಿಡುತ್ತಾರೆ. ಕೊಡಗಿನ ಕಾಫಿ ಬೆಳೆಗಾರರ ಮನೆಗಳಲ್ಲಿ ಇದು ಅಪರೂಪವೇನಲ್ಲ, ಮಳೆಗಾಲದಲ್ಲಿ ಇಬ್ಬರು ಎದುರಾದರೆ "ನಿಮ್ಮಲ್ಲಿ ಎಷ್ಟು ಇಂಚು?" ಎಂಬುದೇ ಮೊದಲ ಮಾತು. 2025ರ ಮೇ ತಿಂಗಳಲ್ಲಿ ವಿದ್ಯಾರ್ಥಿ ವಿನಿಮಯಕ್ಕಾಗಿ ನಮ್ಮ ಶಾಲೆಯ ಎಂಟು ಮಂದಿ ಹತ್ತು ದಿನಗಳ ಮಟ್ಟಿಗೆ ಜಪಾನಿಗೆ ಹೊರಟಾಗ, ನಾನು ಆ ಪುಸ್ತಕದ ಕೆಲವು ಪುಟಗಳ ಫೋಟೋ ತೆಗೆದುಕೊಂಡು ಹೋದೆ. ಅಲ್ಲಿ ನಾನು ಕಲಿತದ್ದರಲ್ಲಿ ಬಹುಪಾಲು ಆ ಪುಟಗಳಿಂದಲೇ ಶುರುವಾಯಿತು. ಹೋಗುವ ಅವಕಾಶ ಸಿಗಲಿರುವ ಮಕ್ಕಳಿಗೆ ನೆರವಾಗಲಿ ಎಂದು ಸಿದ್ಧತೆಯ ವಿಷಯವನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಹೊರಡುವುದಕ್ಕೆ ಒಂದು ವರ್ಷ ಮೊದಲೇ ಎರಡೂ ಶಾಲೆಗಳ ನಡುವೆ ವಿಡಿಯೋ ಮಾತುಕತೆ ಆರಂಭವಾಗಿತ್ತು. ಜಪಾನಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದಿರುವುದರಿಂದ ನಮ್ಮ ಬೆಳಗಿನ ಮೊದಲ ಅವಧಿ ಅವರಿಗೆ ಮಧ್ಯಾಹ್ನದ ಊಟದ ನಂತರದ ಅವಧಿಯಾಗುತ್ತಿತ್ತು. ಎರಡೂ ಕಡೆಯವರು ಸೇರಿ ಆರಿಸಿಕೊಂಡ ವಿಷಯ "ನಮ್ಮ ಊರಿನ ಬೆಟ್ಟ". ಅವರ ಊರು ಶಿಜುವೋಕಾ ಪ್ರಾಂತದ ಕಾಕೆಗಾವಾ, ಚಹಾ ಬೆಳೆಯುವ ಗುಡ್ಡಗಳ ಊರು. ನಮ್ಮದು ಸೋಮವಾರಪೇಟೆ ತಾಲ್ಲೂಕಿನ ಮಾದಾಪುರದ ಆಚೆಗಿನ ಕಾಫಿ ತೋಟಗಳ ಊರು. ವಿಷಯ ಮೊದಲೇ ಗೊತ್ತಿದ್ದುದರಿಂದ ನಾವು ಬರಿಗೈಯಲ್ಲಿ ಹೋಗಲಿಲ್ಲ. ಇಂಥ ಪ್ರವಾಸಕ್ಕೆ ಹೊರಡುವವರಿಗೆ ನಾನು ಮೊದಲು ಹೇಳುವ ಮಾತು ಇದೇ: ನೋಡಬೇಕಾದ ಸ್ಥಳಗಳ ಪಟ್ಟಿಗಿಂತ ಮೊದಲು, ಕೇಳಬೇಕಾದ ಪ್ರಶ್ನೆಗಳನ್ನೂ ತೋರಿಸಬೇಕಾದ ವಸ್ತುಗಳನ್ನೂ ಸಿದ್ಧ ಮಾಡಿಕೊಳ್ಳಿ.

ಪಾಸ್‌ಪೋರ್ಟ್ ಮಾಡಿಸುವಾಗ ನನಗೆ ಎದುರಾದ ತೊಡಕು ಕೊಡಗಿನ ಅನೇಕ ಮಕ್ಕಳಿಗೆ ಎದುರಾಗುವಂಥದ್ದು. ನಮ್ಮಲ್ಲಿ ಮನೆತನದ ಹೆಸರು ಮೊದಲು, ವ್ಯಕ್ತಿಯ ಹೆಸರು ಆಮೇಲೆ. ನನ್ನ ಮನೆತನದ ಹೆಸರು ಶಾಲೆಯ ದಾಖಲೆಯಲ್ಲಿ ಒಂದೇ ಅಕ್ಷರಕ್ಕೆ ಮೊಟಕಾಗಿತ್ತು, ಆಧಾರ್ ಕಾರ್ಡಿನಲ್ಲಿ ಪೂರ್ತಿಯಾಗಿತ್ತು, ಜನನ ಪ್ರಮಾಣಪತ್ರದಲ್ಲಿ ಇರಲೇ ಇಲ್ಲ. ಮೂರನ್ನೂ ಒಂದೇ ರೀತಿ ಮಾಡಿಸುವ ಹೊತ್ತಿಗೆ ಎರಡು ತಿಂಗಳು ಕಳೆದವು. ಹದಿನೆಂಟು ತುಂಬದವರ ಅರ್ಜಿಗೆ ತಂದೆ ತಾಯಿ ಇಬ್ಬರ ಒಪ್ಪಿಗೆ ಪತ್ರವೂ ಬೇಕಾದುದರಿಂದ ಅಪ್ಪ ಅವ್ವ ಇಬ್ಬರೂ ತೋಟದ ಕೆಲಸ ಬಿಟ್ಟು ನನ್ನೊಡನೆ ಮೈಸೂರಿಗೆ ಬಂದರು. ವೀಸಾಕ್ಕೆ ಅಲ್ಲಿನ ಶಾಲೆಯ ಆಹ್ವಾನ ಪತ್ರ ಮತ್ತು ದಿನವಾರು ಕಾರ್ಯಕ್ರಮದ ವಿವರ ಬರಬೇಕಾಗಿತ್ತು. ಅವು ಕೈಸೇರಿದ ಮೇಲೆ ಬೆಂಗಳೂರಿನಲ್ಲಿ ಅರ್ಜಿಯ ಕೆಲಸ ಸುಲಭವಾಗಿ ಮುಗಿಯಿತು. ಹೆಸರಿನ ವಿಷಯದಲ್ಲಿ ಕೊನೆಗೊಂದು ಸಂತೋಷವೂ ಕಾದಿತ್ತು. ಜಪಾನಿನಲ್ಲೂ ಮನೆತನದ ಹೆಸರೇ ಮೊದಲು. ಅಲ್ಲಿನ ತರಗತಿಯ ಹಾಜರಿಯಲ್ಲಿ ಅಧ್ಯಾಪಕರು ನನ್ನನ್ನು ಕರೆದದ್ದು ಊರಿನಲ್ಲಿ ಅಜ್ಜ ನನ್ನನ್ನು ಪರಿಚಯಿಸುವ ಕ್ರಮದಲ್ಲಿಯೇ.

ಉಡುಗೊರೆಯಾಗಿ ಏನು ಒಯ್ಯಬೇಕೆಂಬ ಚರ್ಚೆ ಮನೆಯಲ್ಲಿ ಬಹಳ ದಿನ ನಡೆಯಿತು. ಮಾಂಸದ ಯಾವ ಪದಾರ್ಥವನ್ನೂ ಒಯ್ಯುವಂತಿಲ್ಲ. ಹಸಿ ಹಣ್ಣು, ಗಿಡ, ಬೀಜಗಳಿಗೆ ಸಸ್ಯ ತಪಾಸಣೆಯ ಪ್ರಮಾಣಪತ್ರ ಬೇಕು. ಕೊನೆಗೆ ಹುರಿದು ಪುಡಿಮಾಡಿ ಪೊಟ್ಟಣ ಕಟ್ಟಿದ ನಮ್ಮ ತೋಟದ ಅರೇಬಿಕಾ ಕಾಫಿ ಪುಡಿಯನ್ನೂ ಎರಡು ಅಚ್ಚು ಬೆಲ್ಲವನ್ನೂ ತೆಗೆದುಕೊಂಡೆ. ಕೊಡಗಿನ ಅರೇಬಿಕಾಕ್ಕೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿರುವುದನ್ನು ಪೊಟ್ಟಣದ ಮೇಲೆ ಜಪಾನಿ ಭಾಷೆಯಲ್ಲಿ ಬರೆಸಿದ್ದು ನಮ್ಮ ಅಧ್ಯಾಪಕಿಯ ಸಲಹೆ.

ಬೆಂಗಳೂರಿನಿಂದ ಟೋಕಿಯೋ ಬಳಿಯ ನರಿಟಾ ವಿಮಾನ ನಿಲ್ದಾಣಕ್ಕೆ ಸುಮಾರು ಎಂಟು ಗಂಟೆಯ ವಿಮಾನ, ಟೋಕಿಯೋದಿಂದ ಕಾಕೆಗಾವಾಕ್ಕೆ ಶಿಂಕಾನ್‌ಸೆನ್ ರೈಲು. ದಾರಿಯಲ್ಲಿ ಬಲಗಡೆ ಕಾಣಬೇಕಾಗಿದ್ದ 3,776 ಮೀಟರ್ ಎತ್ತರದ ಫೂಜಿ ಪರ್ವತ ಅಂದು ಮೋಡದಲ್ಲಿ ಮುಚ್ಚಿಕೊಂಡಿತ್ತು. ಮಳೆಯ ಊರಿನಿಂದ ಬಂದ ನಮಗೆ ಅದರಿಂದ ಬೇಸರವೇನೂ ಆಗಲಿಲ್ಲ.

ನಾನು ಉಳಿದುಕೊಂಡದ್ದು ಹಿಗಾಶಿಯಾಮಾ ಎಂಬ ಕಡೆಯ ಚಹಾ ಬೆಳೆಗಾರರ ಮನೆಯಲ್ಲಿ. ಆ ಮನೆಯ ಮಗಳು ನನ್ನ ವಯಸ್ಸಿನವಳು. ಒಂದು ವರ್ಷದಿಂದ ಪರದೆಯ ಮೇಲೆ ಮಾತನಾಡುತ್ತಿದ್ದ ನನ್ನ ಜೊತೆಗಾತಿ. ಮನೆಯ ಹಿಂದೆ ಅವಾಗಾತಾಕೆ ಬೆಟ್ಟ. ಅದರ ಇಳಿಜಾರಿನಲ್ಲಿ ಮರಗಳನ್ನೇ ಸಾಲಾಗಿ ನೆಟ್ಟು "ಚಹಾ" ಎಂಬ ಅರ್ಥದ ಒಂದು ದೊಡ್ಡ ಅಕ್ಷರವನ್ನು ಮೂಡಿಸಿದ್ದಾರೆ. ಅದು ಊರಿನ ಯಾವ ಮೂಲೆಯಿಂದಲೂ ಓದಲು ಬರುತ್ತದೆ. ಬೆಟ್ಟದ ಎತ್ತರ 532 ಮೀಟರ್ ಮಾತ್ರ, ಮಡಿಕೇರಿ ಪಟ್ಟಣದ ಅರ್ಧದಷ್ಟೂ ಅಲ್ಲ. ಆದರೆ ಅದರ ಒಂದೊಂದು ಗೇಣು ಜಾಗದ ಮೇಲೂ ಯಾರದೋ ಕಣ್ಣು ಇರುವುದು ಎರಡನೆಯ ದಿನಕ್ಕೇ ನನಗೆ ಗೊತ್ತಾಯಿತು.

ನಾವು ಹೋದಾಗ ವರ್ಷದ ಮೊದಲ ಕೊಯ್ಲು ಮುಗಿಯುತ್ತ ಬಂದಿತ್ತು. ನಮ್ಮಲ್ಲಿ ಕೆಂಪು ಹಣ್ಣನ್ನು ಮಾತ್ರ ಆರಿಸಿ ಕೈಯಿಂದ ಕೊಯ್ಯುತ್ತೇವೆ. ಅಲ್ಲಿ ಸಾಲಿನ ಆಚೆ ಈಚೆ ಇಬ್ಬರು ನಿಂತು ಒಂದು ಕತ್ತರಿ ಯಂತ್ರವನ್ನು ಹಿಡಿದು ನಡೆಯುತ್ತಾರೆ. ಹಿಂದೆ ಎಳೆದುಕೊಂಡು ಬರುವ ಉದ್ದನೆಯ ಬಟ್ಟೆಯ ಚೀಲದೊಳಗೆ ಎಳೆಯ ಚಿಗುರು ಬೀಳುತ್ತ ಹೋಗುತ್ತದೆ. ತೋಟದ ನಡುನಡುವೆ ಎತ್ತರದ ಕಂಬಗಳು, ಅವುಗಳ ತುದಿಯಲ್ಲಿ ಫ್ಯಾನುಗಳು. ಗಾಳಿ ವಿದ್ಯುತ್ತಿಗಾಗಿ ಇರಬೇಕು ಎಂದು ನಾನು ಭಾವಿಸಿದ್ದೆ. ವಸಂತದ ರಾತ್ರಿಗಳಲ್ಲಿ ನೆಲದ ಹತ್ತಿರ ತಣ್ಣನೆಯ ಗಾಳಿ ನಿಂತು ಚಿಗುರಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಎಲೆ ಸುಟ್ಟಂತಾಗುತ್ತದೆ. ಮೇಲಿನ ಸ್ವಲ್ಪ ಬೆಚ್ಚಗಿನ ಗಾಳಿಯನ್ನು ಕೆಳಗೆ ತಳ್ಳಿ ಅದನ್ನು ತಪ್ಪಿಸುವುದು ಆ ಫ್ಯಾನುಗಳ ಕೆಲಸವೆಂದು ಮನೆಯ ಅಜ್ಜ ವಿವರಿಸಿದರು. ಮಾರ್ಚ್ ಏಪ್ರಿಲ್‌ನಲ್ಲಿ ಕಾಫಿ ಹೂವರಳಲು ಬೇಕಾದ ಹೂಮಳೆ ಕೈಕೊಟ್ಟರೆ ನಮ್ಮ ತೋಟಗಳಲ್ಲಿ ರಾತ್ರಿಯಿಡೀ ಸ್ಪ್ರಿಂಕ್ಲರ್ ಓಡಿಸುವುದನ್ನು ನಾನು ಹೇಳಿದೆ. ವರ್ಷದ ಬೆಳೆ ಕೆಲವೇ ರಾತ್ರಿಗಳ ಮೇಲೆ ನಿಂತಿರುವ ಕಷ್ಟ ಅವರಿಗೆ ಥಟ್ಟನೆ ಅರ್ಥವಾಯಿತು.

ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದದ್ದು ಹುಲ್ಲಿನ ಸಂಗತಿ. ಚಹಾ ತೋಟಗಳ ಅಂಚಿನಲ್ಲಿ ಏನೂ ಬೆಳೆಯದೆ ಬಿಟ್ಟ ಹುಲ್ಲುಗಾವಲುಗಳಿವೆ. ಶರತ್ಕಾಲದಿಂದ ಚಳಿಗಾಲದವರೆಗೆ ಅಲ್ಲಿನ ಎತ್ತರದ ಹುಲ್ಲನ್ನು ಕೊಯ್ದು, ಕಟ್ಟು ಕಟ್ಟಿ ಒಣಗಿಸಿ, ಚಹಾ ಸಾಲುಗಳ ನಡುವೆ ಹಾಸುತ್ತಾರೆ. ಚಾಗುಸಾಬಾ ಎಂದು ಕರೆಯುವ ಈ ಪದ್ಧತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಜಾಗತಿಕ ಮಹತ್ವದ ಕೃಷಿ ಪರಂಪರೆಗಳ ಪಟ್ಟಿಗೆ ಸೇರಿಸಿದೆ. ಪ್ರತಿ ವರ್ಷ ಕೊಯ್ಯುವುದರಿಂದ ಹುಲ್ಲುಗಾವಲು ಕಾಡಾಗಿ ಮುಚ್ಚಿಕೊಳ್ಳುವುದಿಲ್ಲ, ಹಾಗಾಗಿ ಬೇರೆಡೆ ಅಪರೂಪವಾಗಿರುವ ಹೂಗಿಡಗಳು ಅಲ್ಲಿ ಉಳಿದುಕೊಂಡಿವೆ. ಮನೆಯ ಅಜ್ಜಿ ಒಂದು ಸಾಲಿನ ಬುಡದಲ್ಲಿ ಕುಳಿತು ಹಾಸಿದ ಹುಲ್ಲನ್ನು ಎತ್ತಿ ತೋರಿಸಿದರು. ಮೇಲಿನ ಹುಲ್ಲು ಇನ್ನೂ ಒಣಗಿ ಗರಿಗರಿಯಾಗಿತ್ತು, ಅದರ ಕೆಳಗಿನ ಪದರ ಕಂದು ಬಣ್ಣಕ್ಕೆ ತಿರುಗಿ ಮುಟ್ಟಿದರೆ ಪುಡಿಯಾಗುತ್ತಿತ್ತು, ತೀರ ಕೆಳಗೆ ಮಣ್ಣು ಕಪ್ಪಗೆ, ತಣ್ಣಗೆ, ಹಸಿಯಾಗಿತ್ತು. ಮರಗಸಿ ಮಾಡಿದ ಮೇಲೆ, ಅಂದರೆ ನೆರಳಿನ ಮರಗಳ ಕೊಂಬೆ ಸವರಿದ ಮೇಲೆ, ನಮ್ಮ ತೋಟದಲ್ಲಿ ಸೊಪ್ಪು ಉದುರಿ ಕೊಳೆತ ಜಾಗದ ವಾಸನೆಯೇ ಅದಕ್ಕಿತ್ತು. ಮಳೆ ನೇರವಾಗಿ ಮಣ್ಣಿಗೆ ಹೊಡೆಯಬಾರದು ಎಂದು ಅಜ್ಜಿ ಕೈಸನ್ನೆಯಿಂದ ಹೇಳಿದರು. ಅದಕ್ಕೆ ಅನುವಾದ ಬೇಕಾಗಲಿಲ್ಲ.

ಭಾಷೆಯ ಬಗ್ಗೆ ಹೋಗುವ ಮೊದಲು ನನಗಿದ್ದ ಭಯ ಅನಗತ್ಯವಾಗಿತ್ತು. ಮೊಬೈಲಿನ ಅನುವಾದಕ ಒಂದಿಷ್ಟು ನೆರವಾಯಿತು, ಆದರೆ ಅದಕ್ಕಿಂತ ಹೆಚ್ಚಿನ ನೆರವು ಕನ್ನಡದಿಂದಲೇ ಸಿಕ್ಕಿತು. "ನಾನು ಕಾಫಿಯನ್ನು ಕುಡಿಯುತ್ತೇನೆ" ಎಂಬುದು ಜಪಾನಿಯಲ್ಲಿ "ವತಾಶಿ ವಾ ಕೋಹೀ ಒ ನೊಮಿಮಾಸು". ಕ್ರಿಯಾಪದ ಕೊನೆಗೆ ಬರುತ್ತದೆ, ವಿಭಕ್ತಿಯಂಥ ಪ್ರತ್ಯಯ ನಾಮಪದದ ಬೆನ್ನಿಗೆ ಅಂಟಿಕೊಳ್ಳುತ್ತದೆ. ಪದಗಳನ್ನು ಕಲಿತುಕೊಂಡರೆ ಕನ್ನಡದ ಕ್ರಮದಲ್ಲಿಯೇ ಜೋಡಿಸಿ ಮಾತನಾಡಬಹುದು. ಇಂಗ್ಲಿಷಿನ ಮೂಲಕ ಯೋಚಿಸಲು ಹೋದ ದಿನಗಳಲ್ಲಿ ನಾನು ತಡವರಿಸಿದ್ದೇ ಹೆಚ್ಚು. ಅವರ ಅಕ್ಷರಮಾಲೆಯ ಸಾಲುಗಳು ಅ, ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತವೆ. ಬೌದ್ಧ ಭಿಕ್ಷುಗಳು ಕಲಿತ ಸಂಸ್ಕೃತ ವರ್ಣಮಾಲೆಯ ಪ್ರಭಾವದಿಂದ ಈ ಕ್ರಮ ಬಂದಿದೆಯೆಂದು ಅಲ್ಲಿನ ಭಾಷಾ ಅಧ್ಯಾಪಕರು ತಿಳಿಸಿದಾಗ ನಾನು ಕಪ್ಪುಹಲಗೆಯ ಮೇಲೆ ನಮ್ಮ ವರ್ಣಮಾಲೆಯನ್ನು ಬರೆದು ತೋರಿಸಿದೆ. ಅಂದಿನ ಬಿಡುವಿನ ವೇಳೆಯಲ್ಲಿ ತರಗತಿಯ ಅಷ್ಟೂ ಮಂದಿ ತಮ್ಮ ಹೆಸರುಗಳನ್ನು ಕನ್ನಡದಲ್ಲಿ ಬರೆಸಿಕೊಂಡರು.

ಶಾಲೆಯ ದಿನಚರಿಯಲ್ಲಿ ಎರಡು ಸಂಗತಿಗಳನ್ನು ಹೇಳಬೇಕು. ಬಾಗಿಲಿನಲ್ಲಿಯೇ ಹೊರಗಿನ ಪಾದರಕ್ಷೆಯನ್ನು ಬಿಚ್ಚಿ ಗೂಡಿನಲ್ಲಿಟ್ಟು, ಒಳಗಿನದೇ ಬೇರೆ ಜೋಡನ್ನು ಹಾಕಿಕೊಳ್ಳುತ್ತಾರೆ. ಮಧ್ಯಾಹ್ನದ ಊಟವನ್ನು ಬಿಳಿ ಮೇಲಂಗಿ, ಟೋಪಿ ಧರಿಸಿದ ವಿದ್ಯಾರ್ಥಿಗಳೇ ಸರದಿಯಂತೆ ಬಡಿಸುತ್ತಾರೆ, ಊಟದ ನಂತರ ಧ್ವನಿವರ್ಧಕದಲ್ಲಿ ಸಂಗೀತ ಶುರುವಾದೊಡನೆ ಎಲ್ಲರೂ ಸ್ವಚ್ಛತೆಗೆ ಇಳಿಯುತ್ತಾರೆ. ಹಳೆಯ ಟವೆಲನ್ನು ಮಡಚಿ ಹೊಲಿದ ಒರೆಸುವ ಬಟ್ಟೆಯ ಮೇಲೆ ಎರಡೂ ಕೈಯೂರಿ, ಬಾಗಿ, ಉದ್ದನೆಯ ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಓಡುವುದು ಕಾಣುವಷ್ಟು ಸುಲಭವಲ್ಲ. ಮೊದಲ ದಿನ ನನ್ನ ತೊಡೆಗಳು ನಡುಗಿದವು. ನಮ್ಮ ಶಾಲೆಗಳಲ್ಲಿಯೂ ಮಕ್ಕಳು ಕಸ ಗುಡಿಸುತ್ತಾರೆ. ಆದರೆ ಅದು ಹಲವು ಸಲ ತಡವಾಗಿ ಬಂದವರ ಶಿಕ್ಷೆಯಾಗಿರುತ್ತದೆ, ಇಲ್ಲವೇ ಹುಡುಗಿಯರ ಪಾಲಿಗೆ ಬರುತ್ತದೆ. ಅಲ್ಲಿ ಅಧ್ಯಾಪಕರೂ ಪಕ್ಕದಲ್ಲಿಯೇ ಬಟ್ಟೆ ಹಿಂಡುತ್ತಿದ್ದರು. ಈ ವ್ಯತ್ಯಾಸವನ್ನು ನಾನು ಬಹಳ ಗಂಭೀರವಾಗಿ ತೆಗೆದುಕೊಂಡಿದ್ದೇನೆ.

ಐದನೆಯ ದಿನ ಮೂರನೆಯ ಅವಧಿಯಲ್ಲಿ ಗಂಟೆ ಬಾರಿಸಿತು. ಭೂಕಂಪದ ಅಣಕು ಅಭ್ಯಾಸ. ಒಂದು ಮಾತೂ ಇಲ್ಲದೆ ಮೂವತ್ತಕ್ಕೂ ಹೆಚ್ಚು ಮಂದಿ ಮೇಜಿನ ಕೆಳಗೆ ಸೇರಿ ಅದರ ಕಾಲುಗಳನ್ನು ಹಿಡಿದುಕೊಂಡರು. ಜೊತೆಗಾತಿ ನನ್ನ ತೋಳು ಹಿಡಿದು ಕೆಳಗೆ ಎಳೆದಳು. ಸೂಚನೆ ಬಂದ ಮೇಲೆ ಸಾಲಾಗಿ ಮೈದಾನಕ್ಕೆ ನಡೆದೆವು. ತರಗತಿಯ ಪ್ರತಿನಿಧಿಗಳು ತಲೆ ಎಣಿಸಿ ಒಪ್ಪಿಸಿದರು. ಮುಖ್ಯೋಪಾಧ್ಯಾಯರು ಎಷ್ಟು ನಿಮಿಷ, ಎಷ್ಟು ಸೆಕೆಂಡ್ ಹಿಡಿಯಿತೆಂದು ತಿಳಿಸಿ, ಕಳೆದ ಬಾರಿಗಿಂತ ಎಲ್ಲಿ ತಡವಾಯಿತೆಂಬುದನ್ನೂ ಹೇಳಿದರು. ಮಕ್ಕಳಿಗೆ ಚಿಕ್ಕಂದಿನಲ್ಲಿಯೇ ಕಲಿಸುವ ನಾಲ್ಕು ನಿಯಮಗಳಿವೆ: ತಳ್ಳಬೇಡ, ಓಡಬೇಡ, ಮಾತಾಡಬೇಡ, ಹಿಂದಿರುಗಬೇಡ. ಜಪಾನಿಯಲ್ಲಿ ಇವುಗಳ ಮೊದಲ ಅಕ್ಷರಗಳನ್ನು ಸೇರಿಸಿ "ಒಹಾಶಿಮೊ" ಎನ್ನುತ್ತಾರೆ. ನಾಲ್ಕನೆಯದು ಕೇಳಿದಾಗ ನನಗೆ ನಮ್ಮ ಊರು ನೆನಪಾಯಿತು. 2018ರಲ್ಲಿ ಗುಡ್ಡಗಳು ಕುಸಿದಾಗ ಹಸು ಬಿಚ್ಚಲು, ಕಾಗದಪತ್ರ ತರಲು ಎಂದು ಮನೆಗೆ ಮರಳಿ ಹೋಗುತ್ತೇವೆಂದು ಹಟ ಹಿಡಿದವರನ್ನು ದೊಡ್ಡವರು ತಡೆದು ನಿಲ್ಲಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ.

ಮರುದಿನ ನನ್ನ ಸರದಿ. ಪರದೆಯ ಮೇಲೆ ಅಜ್ಜನ ಪುಸ್ತಕದ ಪುಟಗಳನ್ನು ಹಾಕಿದೆ. ಇಂಚಿನ ಅಂಕಿಗಳನ್ನು 25.4ರಿಂದ ಗುಣಿಸಿ ಮಿಲಿಮೀಟರ್ ಮಾಡಿ ಪಕ್ಕದಲ್ಲಿ ಬರೆದಿದ್ದೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳುತ್ತದೆ ಎಂದಾಗ ತರಗತಿಯಲ್ಲಿ ಗುಸುಗುಸು ಶುರುವಾಯಿತು. 2018ರ ಆಗಸ್ಟ್ ಪುಟ ಬಂದಾಗ ಮುಂದಿನ ಸಾಲಿನ ಹುಡುಗನೊಬ್ಬ ಕೈ ಎತ್ತಿದ. ಆಗಸ್ಟ್ 16ರವರೆಗೆ ಪ್ರತಿ ಸಾಲಿನಲ್ಲಿಯೂ ಅಂಕಿಗಳಿವೆ, 17ರಿಂದ ಪುಟ ಖಾಲಿಯಾಗಿದೆ, ಮಳೆ ನಿಂತಿತೇ ಎಂದು ಅವನು ಕೇಳಿದ.

ಮಳೆ ನಿಂತಿರಲಿಲ್ಲ, ಬರೆಯುವವರು ಮನೆಯಲ್ಲಿರಲಿಲ್ಲ. ಆಗ ನಾನು ಮೂರನೆಯ ತರಗತಿ. ರಾತ್ರಿ ಮೇಲಿನ ಗುಡ್ಡದ ಕಡೆಯಿಂದ ವಿಮಾನ ಹಾರಿದಂಥ ಸದ್ದು ಬರುತ್ತಿತ್ತು. ಸಂಜೆಯಿಂದಲೇ ಹಿತ್ತಿಲ ನೆಲದಲ್ಲಿ ಎಂದೂ ಇಲ್ಲದ ಕಡೆ ಒರತೆ ಒಡೆದಿತ್ತು. ನಸುಕಿನಲ್ಲಿ ನೆರೆಮನೆಯವರು ಬಂದು ಎಬ್ಬಿಸಿದರು. ಉಟ್ಟ ಬಟ್ಟೆಯಲ್ಲಿ ತೋಟದ ನಡುವೆ ನಡೆದು ಮಾದಾಪುರದ ರಸ್ತೆ ಸೇರಿ, ಅಲ್ಲಿಂದ ಕುಶಾಲನಗರದ ಪರಿಹಾರ ಕೇಂದ್ರಕ್ಕೆ ಹೋದೆವು. ಮೂರು ವಾರಗಳ ನಂತರ ಮರಳಿದಾಗ ಮನೆ ನಿಂತಿತ್ತು, ತೋಟದ ಕೆಳಗಿನ ಅಂಚು ತೋಡಿನೊಳಕ್ಕೆ ಜಾರಿ ಹೋಗಿತ್ತು. ಅಲ್ಲಿದ್ದ ಮೆಣಸಿನ ಬಳ್ಳಿಗಳು ಅಜ್ಜ ನೆಟ್ಟವು. ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆಯ ಕಡೆ ಇದಕ್ಕಿಂತ ಎಷ್ಟೋ ಹೆಚ್ಚು ಕಳೆದುಕೊಂಡ ಮನೆಗಳಿವೆ. ಇದನ್ನೆಲ್ಲ ನಾನು ಇಷ್ಟು ಕ್ರಮವಾಗಿ ಯಾರಿಗೂ ಹೇಳಿರಲಿಲ್ಲ. ಊರಿನಲ್ಲಿ ಎಲ್ಲರಿಗೂ ಗೊತ್ತಿರುವುದರಿಂದ ಹೇಳಬೇಕಾದ ಸಂದರ್ಭವೇ ಬಂದಿರಲಿಲ್ಲ.

ತರಗತಿ ಬಹಳ ಹೊತ್ತು ಮೌನವಾಗಿತ್ತು. ವಿಜ್ಞಾನದ ಅಧ್ಯಾಪಕರು ಎದ್ದು, 2018ರ ಜುಲೈನಲ್ಲಿ, ಅಂದರೆ ನಮಗಿಂತ ಒಂದೇ ತಿಂಗಳ ಮುಂಚೆ, ಪಶ್ಚಿಮ ಜಪಾನಿನ ಮಳೆಯಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತದ್ದನ್ನು ನೆನಪಿಸಿದರು. ಆಮೇಲೆ ಅದೇ ಶಿಜುವೋಕಾ ಪ್ರಾಂತದ ಅತಾಮಿ ಪಟ್ಟಣದ ಚಿತ್ರ ತೋರಿಸಿದರು. 2021ರ ಜುಲೈ 3ರಂದು ಅಲ್ಲಿ ಕೆಸರಿನ ಪ್ರವಾಹ ಮನೆಗಳನ್ನು ಕೊಚ್ಚಿಕೊಂಡು ಹೋಯಿತು. ಕಣಿವೆಯ ತಲೆಯ ಮೇಲೆ ತಂದು ಸುರಿದಿದ್ದ ಮಣ್ಣಿನ ರಾಶಿ ಕುಸಿದದ್ದು ಅನಾಹುತವನ್ನು ಹಿಗ್ಗಿಸಿತ್ತು. ಕೊಡಗಿನಲ್ಲಿ ಇಳಿಜಾರನ್ನು ಕಡಿದು ರಸ್ತೆ, ಮನೆಗಳಿಗೆ ಸಮತಟ್ಟು ಮಾಡಿದ ಕಡೆ ಕುಸಿತ ಹೆಚ್ಚೆಂದು ಭೂವಿಜ್ಞಾನಿಗಳು ಹೇಳಿದ್ದನ್ನು ನಾನು ತಿಳಿಸಿದೆ. ಬೆಟ್ಟದ ಮೇಲೆ ಮಣ್ಣು ಸುರಿದರೂ ಬೆಟ್ಟದ ಕಾಲು ಕಡಿದರೂ ಕೆಳಗಿನವರಿಗೆ ಆಗುವುದು ಒಂದೇ.

ಆ ಸಂಜೆ ಜೊತೆಗಾತಿಯ ಮನೆಯ ಅಡುಗೆಮನೆಯಲ್ಲಿ ಫ್ರಿಜ್ ಬಾಗಿಲಿಗೆ ಅಂಟಿಸಿದ್ದ ನಕ್ಷೆಯನ್ನು ಮೊದಲ ಬಾರಿ ಸರಿಯಾಗಿ ನೋಡಿದೆ. ಪುರಸಭೆ ಮನೆಮನೆಗೆ ಕೊಡುವ ಅಪಾಯ ನಕ್ಷೆ ಅದು. 1999ರಲ್ಲಿ ಹಿರೋಶಿಮಾದ ಕಡೆ ಗುಡ್ಡಗಳು ಕುಸಿದ ಮೇಲೆ ಜಪಾನಿನಲ್ಲಿ ಒಂದು ಕಾನೂನು ಮಾಡಿ, ಕುಸಿಯಬಹುದಾದ ಜಾಗಗಳನ್ನು ಹಳದಿ, ಕೆಂಪು ವಲಯಗಳಾಗಿ ಗುರುತಿಸುತ್ತ ಬಂದಿದ್ದಾರೆ. ಕೆಂಪು ವಲಯದಲ್ಲಿ ಕಟ್ಟಡ ಕಟ್ಟಲು ನಿರ್ಬಂಧಗಳಿವೆ. ಅವರ ಮನೆ ಹಳದಿಯ ಅಂಚಿನಲ್ಲಿತ್ತು; ಹೋಗಬೇಕಾದ ಸಮುದಾಯ ಭವನಕ್ಕೆ ಅಜ್ಜ ಪೆನ್ನಿನಿಂದ ದಾರಿ ಎಳೆದಿದ್ದರು. ಅದರ ಪಕ್ಕದಲ್ಲಿ ಗಮನಿಸಬೇಕಾದ ಗುರುತುಗಳ ಚಿತ್ರಗಳು: ಗುಡ್ಡದಿಂದ ಸಣ್ಣ ಕಲ್ಲುಗಳು ಉರುಳುವುದು, ನೆಲ ಬಿರಿಯುವುದು, ಹೊಸದಾಗಿ ನೀರು ಉಕ್ಕುವುದು, ತೋಡಿನ ನೀರು ಕದಡುವುದು, ಮಳೆ ಸುರಿಯುತ್ತಿದ್ದರೂ ತೋಡಿನ ನೀರು ಥಟ್ಟನೆ ಇಳಿಯುವುದು. ಕೊನೆಯದರ ಅರ್ಥ, ಮೇಲೆಲ್ಲೋ ಮಣ್ಣು ಕುಸಿದು ನೀರಿಗೆ ಅಡ್ಡ ಬಿದ್ದಿದೆ, ಕೂಡಲೇ ಜಾಗ ಬಿಡಬೇಕು ಎಂದು. ಹಿತ್ತಿಲಿನ ಆ ಒರತೆಯನ್ನು ನಮ್ಮ ಮನೆಯವರೆಲ್ಲ ನೋಡಿದ್ದರು. ಅದು ಎಚ್ಚರಿಕೆಯೆಂದು ನಮಗೆ ಯಾರೂ ಕಲಿಸಿರಲಿಲ್ಲ. ನಮ್ಮ ಶಾಲೆಯಲ್ಲಿ ಆ ಮೇಲಿನ ಏಳು ವರ್ಷಗಳಲ್ಲಿಯೂ ಒಂದು ಸಲವಾದರೂ ಅಣಕು ಅಭ್ಯಾಸ ನಡೆದಿರಲಿಲ್ಲ ಎಂಬುದು ಆಗ ನನಗೆ ಬಹಳ ನೋವಿನಿಂದ ಹೊಳೆಯಿತು.

ಹೊರಡುವ ಹಿಂದಿನ ರಾತ್ರಿ ಆ ಮನೆಯವರಿಗೆ ಬೆಲ್ಲದ ಕಾಫಿ ಮಾಡಿಕೊಟ್ಟೆ. ತಂದ ಬೆಲ್ಲ ಶಾಲೆಯಲ್ಲಿ ಮುಗಿದುಹೋಗಿತ್ತು. ನನ್ನ ಪೇಚಾಟ ನೋಡಿ ಅಜ್ಜಿ ಡಬ್ಬಿಯೊಂದನ್ನು ತೆಗೆದರು. ಒಕಿನಾವಾದ ಕಪ್ಪು ಸಕ್ಕರೆ, ಕಬ್ಬಿನ ಹಾಲನ್ನು ಕಾಯಿಸಿ ಮಾಡಿದ ಗಟ್ಟಿ ತುಂಡುಗಳು. ಬಾಯಿಗೆ ಹಾಕಿಕೊಂಡಾಗ ನಮ್ಮ ಬೆಲ್ಲಕ್ಕಿಂತ ಸ್ವಲ್ಪ ಹೆಚ್ಚು ಉಪ್ಪಿನಂಶ ನಾಲಿಗೆಗೆ ಹತ್ತಿತು. ಕುದಿಯುವ ನೀರಿಗೆ ಅದನ್ನೇ ಹಾಕಿ, ಕಾಫಿ ಪುಡಿ ಬೆರೆಸಿ, ಸೋಸಿ ಕೊಟ್ಟೆ. ಅಜ್ಜ ಎರಡು ಸಲ ಹಾಕಿಸಿಕೊಂಡರು.

ಹಿಂದಿರುಗಿ ಬಂದ ಮೇಲೆ ನಾವು ಎಂಟು ಮಂದಿ ಮುಖ್ಯೋಪಾಧ್ಯಾಯಿನಿಯವರ ಒಪ್ಪಿಗೆ ಪಡೆದು ಜೂನ್ ಮೂರನೆಯ ವಾರ ಮೊದಲ ಅಣಕು ಅಭ್ಯಾಸ ನಡೆಸಿದೆವು. ಮೊದಲ ಸಲ ನೂಕುನುಗ್ಗಲಾಯಿತು, ಇಬ್ಬರು ಪುಟ್ಟ ಮಕ್ಕಳು ಅತ್ತರು, ತಲೆ ಎಣಿಕೆ ಎರಡು ಬಾರಿ ತಪ್ಪಿತು. ಜುಲೈನಲ್ಲಿ ಮಳೆಯ ನಡುವೆಯೇ ಕೊಡೆ ಇಲ್ಲದೆ ಮತ್ತೊಮ್ಮೆ ಮಾಡಿದೆವು, ಏಕೆಂದರೆ ನಮಗೆ ಅಪಾಯ ಬರುವುದು ಬಿಸಿಲಿನ ದಿನ ಅಲ್ಲ. ಆಗ ಎಣಿಕೆ ಸರಿಬಂತು. ಚಳಿಗಾಲದಲ್ಲಿ ಕಾಫಿ ಕೊಯ್ಲಿನ ಸಮಯಕ್ಕೆ ಅವರ ವಿದ್ಯಾರ್ಥಿಗಳು ನಮ್ಮಲ್ಲಿಗೆ ಬರುವವರಿದ್ದಾರೆ. ಅಷ್ಟರೊಳಗೆ ಊರಿನ ತೋಡುಗಳನ್ನೂ ಒರತೆಗಳನ್ನೂ ಗುರುತಿಸಿದ ನಕ್ಷೆಯೊಂದನ್ನು ಕೈಯಿಂದಲೇ ಬರೆದು ಮುಗಿಸಬೇಕೆಂದು ಹಿರಿಯರ ಮನೆಮನೆಗೆ ಹೋಗಿ ಕೇಳುತ್ತಿದ್ದೇವೆ. ಯಾವ ಗುಡ್ಡ ಯಾವ ವರ್ಷ ಜಾರಿತ್ತು ಎಂಬುದು ಅವರ ನೆನಪಿನಲ್ಲಿದೆ, ಕಾಗದದ ಮೇಲಿಲ್ಲ.

ಜಪಾನಿನ ಮನೆಗಳಲ್ಲಿ ಬಾಗಿಲ ಬಳಿ ಇಡುವ ತುರ್ತು ಚೀಲವನ್ನು ನೋಡಿ ಬಂದು ನಮ್ಮ ಮನೆಯಲ್ಲಿಯೂ ಒಂದನ್ನು ಸಿದ್ಧಪಡಿಸಿದೆ. ಟಾರ್ಚ್, ಔಷಧಿ, ನೀರಿನ ಬಾಟಲಿ, ಒಂದು ಜೊತೆ ಬಟ್ಟೆ ಹಾಕಿದ್ದೆ. ಅಜ್ಜಿ ಪಹಣಿಯ ಪ್ರತಿಗಳನ್ನೂ ಆಧಾರ್ ಕಾರ್ಡುಗಳನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೇರಿಸಿದರು. ಅಜ್ಜ ಎಲ್ಲವನ್ನೂ ಒಮ್ಮೆ ತೆಗೆದು ನೋಡಿ, ಒಳಗೆ ಹೋಗಿ ಒಂದು ಸಣ್ಣ ನೋಟ್ ಪುಸ್ತಕವನ್ನೂ ಪೆನ್ಸಿಲನ್ನೂ ತಂದು ಚೀಲದ ಬದಿಯ ಜೇಬಿನಲ್ಲಿಟ್ಟರು. ಪೆನ್ ಇಡಬಾರದು, ಒದ್ದೆಯಾದರೆ ಶಾಯಿ ಹರಡುತ್ತದೆ ಎಂದರು.